ಬಿಸಿಲಿಗೆ ಹಾಕಿದ ರಬ್ಬರ್ ಗಾದಿ

ಚಳಿ ಶುರುವಾಯಿತೆಂದು ಮೊನ್ನೆ ಪೆಟ್ಟಿಗೆಯಿಂದ ಕಾಲೇಜಿನ ಕೋಟು ಹೊರತೆಗೆದೆ. ಕಿಸೆಗೆ ಕೈ ಹಾಕಿದರೆ ಬೆರಳಿಗೆ ಏನೋ ಅಂಟಿತು. ನೋಡಿದರೆ ಹಳದಿ ಪುಡಿ. ಹಿಸುಕಿದರೆ ಬೆಲ್ಲದ ಹಾಗೆ ಅಂಟುತ್ತದೆ, ಮೂಸಿದರೆ ಹಳೆಯ ಸೈಕಲ್ ಟ್ಯೂಬಿನ ವಾಸನೆ. ಬೇರೆಯವರಾಗಿದ್ದರೆ ಕಿಸೆ ಕೊಡವಿ ಮುಂದಿನ ಕೆಲಸ ನೋಡುತ್ತಿದ್ದರು. ನಾನು ಮಾತ್ರ ಅದನ್ನು ಹಿಡಿದುಕೊಂಡು ನಿಂತೇಬಿಟ್ಟೆ. ಹಾಳು ಬಿಕ್ಕಳಿಕೆ ಶುರುವಾಯಿತು.

ಒಳಗಿನಿಂದ ಅವ್ವ ಕೂಗಿದಳು: “ಮತ್ತ ಹಳ್ಳಕ್ಕ ಹೋದಿ ಏನೋ?”

ಹೌದು, ಹೋಗಿದ್ದೆ. ದಿನಕ್ಕೆ ನಾಲ್ಕೈದು ಸಲ ನಾನು ಆ ಹಳ್ಳಕ್ಕೆ ಹೋಗಿ ಬರುತ್ತೇನೆ, ಕುಳಿತಲ್ಲಿಂದ ಏಳದೆಯೇ. ಅನ್ನದ ತುತ್ತು ಎತ್ತುವಾಗ ಹೋಗುತ್ತೇನೆ, ಪುಸ್ತಕದ ಹಾಳೆ ತಿರುವುವಾಗ ಹೋಗುತ್ತೇನೆ. ಹೋದಾಗಲೆಲ್ಲ ಬಿಕ್ಕಳಿಕೆ. ಅದು ಮನೆಯವರಿಗೆಲ್ಲ ಗೊತ್ತು. ನಿಮಗೂ ಹೇಳಿಬಿಡುತ್ತೇನೆ. ಆದರೆ ಹಳ್ಳದಿಂದ ಶುರುಮಾಡಿದರೆ ತಲೆಬುಡ ತಿಳಿಯುವುದಿಲ್ಲ. ಗಾದಿಯಿಂದ ಶುರುಮಾಡಬೇಕು. ಗಾದಿಯೆಂದರೆ ಲಾಡ್ಲೇಸಾಬನಿಂದ.

ನಮ್ಮ ಊರು ಮಟಕಿಯಲ್ಲಿ ಹತ್ತಿ ಬಿಡಿಸಿ ಮುಗಿದ ಮೇಲೆ ಪಿಂಜಾರ ಲಾಡ್ಲೇಸಾಬನ ದಿನಗಳು ಬರುತ್ತಿದ್ದವು. ಆಳೆತ್ತರದ ಕಮಾನು ಹೆಗಲಿಗೆ ಹಾಕಿಕೊಂಡು ಓಣಿಗೆ ಬಂದನೆಂದರೆ ಹುಡುಗರೆಲ್ಲ ಅವನ ಹಿಂದೆ. ಪಡಸಾಲೆಯಲ್ಲಿ ಕುಳಿತು ಕಮಾನಿನ ನರದ ತಂತಿಯನ್ನು ಮರದ ಹಿಡಿಯಿಂದ ಮೀಟಿದರೆ ‘ಧುಂಯ್’ ಎಂದು ಮನೆಯ ಗೋಡೆಯೇ ಗುನುಗುತ್ತಿತ್ತು. ಗಂಟುಗಟ್ಟಿದ ಅರಳೆ ಹಿಂಜಿ ಹಿಂಜಿ ಮೋಡವಾಗಿ ಏಳುತ್ತಿತ್ತು. ನಾವು ಅದರೊಳಗೆ ಹೊರಳಿ, ಮೂಗು ತುಂಬ ಹತ್ತಿ ತುಂಬಿಕೊಂಡು, ಒಂದೇ ಸಮನೆ ಸೀನಿ, ಕೊನೆಗೆ ಅವ್ವನ ಕೈಯಲ್ಲಿ ಪೆಟ್ಟು ತಿಂದು ಹೊರಗೋಡುತ್ತಿದ್ದೆವು.

ಹಳೆಯ ಗಾದಿ ಬಿಚ್ಚುವುದೂ ಅವನೇ, ಹೊಸದಾಗಿ ಹೊಲಿಯುವುದೂ ಅವನೇ. ಹೀಗಾಗಿ ಯಾವ ಗಾದಿಯ ಹೊಟ್ಟೆಯಲ್ಲಿ ಯಾರ ಸೊಸೆ ಬಚ್ಚಿಟ್ಟ ವಂಕಿ ಇದೆ, ಯಾವುದರಲ್ಲಿ ಯಾರ ಅತ್ತೆಯ ಬೋರಮಾಳ ಸರ ಇದೆ ಎಂಬುದು ಊರಲ್ಲಿ ಅವನೊಬ್ಬನಿಗೇ ಗೊತ್ತು. ಸಿಕ್ಕದ್ದನ್ನು ಹಾಗೆಯೇ ಒಳಗಿಟ್ಟು ಹೊಲಿದು ಕೊಡುತ್ತಿದ್ದ. ನಾನು ಸಣ್ಣವನಿದ್ದಾಗ ಕಾಡಿದರೆ, “ತಮ್ಮಾ, ನನ್ನ ಕೆಲಸ ಅರಳಿ ಹಿಂಜೂದು, ಸುದ್ದಿ ಹಿಂಜೂದಲ್ಲ,” ಎನ್ನುತ್ತಿದ್ದ.

ಅವನಿಗೆ ಇದ್ದ ಮತ ಒಂದೇ: ಬಿಸಿಲು. ಗಾದಿಯನ್ನು ಮಾಳಿಗೆಗೆ ಹೊತ್ತು, ಬಿಸಿಲಿಗೆ ಹಾಸಿ, ಬಡಿಗೆಯಿಂದ ಬಾರಿಸಿ, ಮಗ್ಗಲು ಬದಲಿಸಬೇಕು. ಆಗ ಅರಳೆ ಉಬ್ಬುತ್ತದೆ, ತಿಗಣೆ ಸಾಯುತ್ತದೆ, ರೋಗ ಹೋಗುತ್ತದೆ. ಸಂಜೆ ಆ ಕಾದ ಗಾದಿ ಕೆಳಗೆ ಬಂದಾಗ ಅದರ ಮೇಲೆ ಮೊದಲು ಬೀಳುವುದಕ್ಕೆ ನಾವು ಎಷ್ಟು ಹೊಡೆದಾಡಿದ್ದೇವೆ! ಬಿಸಿಲಿಗೂ ಒಂದು ವಾಸನೆ ಇದೆಯೆಂದು ನಾನು ಕಲಿತದ್ದು ಗಾದಿಯಿಂದ.

ಇರಲಿ. ಈ ವರ್ಷದ, ಅಂದರೆ ನಲವತ್ತೆಂಟರ, ಸಂಕ್ರಾಂತಿಯ ಮರುದಿನ ಅವ್ವ ಮಾಳಿಗೆಯಿಂದ ಒಣಮೆಣಸಿನಕಾಯಿ ಇಳಿಸುವಾಗ ನಿಚ್ಚಣಿಕೆ ಜಾರಿ ಬಿದ್ದಳು. ತೊಡೆಯ ಎಲುಬು ಟೊಂಕದ ಹತ್ತಿರ ಮುರಿಯಿತು. ಅಪ್ಪ ಇಲ್ಲದ ಮನೆ ನಮ್ಮದು. ಅಪ್ಪನ ಅಣ್ಣ, ನಮ್ಮ ದೊಡ್ಡಪ್ಪ, ಅವಳನ್ನು ಸೊಲ್ಲಾಪುರಕ್ಕೆ ಸಾಗಿಸಿದ. ನಾನು ಅಲ್ಲಿ ಬಿ.ಎ. ಓದುತ್ತಿದ್ದೆ. ಆಗ ಸೊಲ್ಲಾಪುರ ಹಿಂದೂಸ್ಥಾನ, ನಮ್ಮ ಮಟಕಿ ನಿಜಾಮರ ರಾಜ್ಯ. ನಡುವೆ ಗಡಿ, ಗಡಿಯಲ್ಲಿ ಸುಂಕದ ನಾಕಾ.

ದವಾಖಾನೆಯಲ್ಲಿ ಕಾಲಿಗೆ ಉಸುಕಿನ ಚೀಲ ಕಟ್ಟಿ ಮಲಗಿಸಿದರು. ವಾರಗಳು ಕಳೆದ ಮೇಲೆ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದರು.

“ಎಲುಬು ತಾನಾಗೇ ಕೂಡ್ತದ. ಆದ್ರ ಇನ್ನೂ ನಾಲ್ಕು ತಿಂಗಳು ಏಳೂಹಂಗಿಲ್ಲ, ಕೂಡೂಹಂಗಿಲ್ಲ. ಬೆನ್ನಿಗಿ ಹುಣ್ಣಾತು ಅಂದ್ರ ಮುಗೀತು. ಎಲುಬಿನಿಂದ ಸಾಯಾಂಗಿಲ್ಲ ನಿಮ್ಮವ್ವ, ಹುಣ್ಣಿನಿಂದ ಸಾಯ್ತಾಳ. ಹಾಸಿಗಿ ಮೆತ್ತಗಿರಬೇಕು, ಆದ್ರ ಕುಸೀಬಾರ್ದು.”

“ಅಂಥಾದ್ದು ಎಲ್ಲಿ ಸಿಗ್ತದ್ರಿ?”

“ರಬ್ಬರ್ ಗಾದಿ ಅಂತ ಬಂದಾವ. ಸಾಹೇಬರ ಮನ್ಯಾಗ ಕೇಳು.”

ಅದು ಸಾಹೇಬರು ಗಂಟುಮೂಟೆ ಕಟ್ಟುತ್ತಿದ್ದ ಕಾಲ. ಊರಾಚೆ ಒಬ್ಬ ಗಿರಣಿ ಸಾಹೇಬನ ಬಂಗಲೆಯಲ್ಲಿ ಸಾಮಾನು ಮಾರಾಟಕ್ಕಿದೆ ಎಂದು ತಿಳಿದು ಓಡಿದೆ. ಹಿಂದಿನ ವರಾಂಡದಲ್ಲಿ ಮೂರು ಗಾದಿಗಳು ಸಾಲಾಗಿ ಬಿದ್ದಿದ್ದವು. ಸಾಹೇಬನ ಹೆಂಡತಿ ಮಡಮ್ಮ ತನ್ನ ಮುರುಕು ಹಿಂದೂಸ್ತಾನಿಯಲ್ಲಿ, ನೋಡಿದರೆ ಗೊತ್ತಾಗುವುದಿಲ್ಲ, ಮಲಗಿ ನೋಡು ಎಂದಳು. ಹೆಂಗಸಿನ ಎದುರು, ಅದೂ ಬಿಳಿಯ ಹೆಂಗಸಿನ ಎದುರು, ಮಧ್ಯಾಹ್ನ ಅಂಗಾತ ಮಲಗುವುದೆಂದರೇನು! ನಾನು ಬೆವತೆ. ಆದರೂ ಮಲಗಿದೆ.

ಮೊದಲನೆಯದು ಕುದುರೆಯ ಕೂದಲಿನದು. ಅಂಗಿಯ ಮೇಲಿಂದಲೇ ಚುಚ್ಚಿತು. ಎರಡನೆಯದು ಸ್ಪ್ರಿಂಗಿನದು. ಮಗ್ಗಲು ಬದಲಿಸಿದರೆ ಬಾಜಾಪೆಟ್ಟಿಗೆಯ ಹಾಗೆ ಸದ್ದು, ಮೇಲಾಗಿ ಅದು ನನ್ನನ್ನು ಇಳಿಜಾರಿಗೆ ತಳ್ಳುತ್ತಿತ್ತು. ಮೂರನೆಯದು ಕೆನೆಯ ಬಣ್ಣದ್ದು, ಗೇಣು ದಪ್ಪ, ಅಡಿಯಲ್ಲಿ ಜೇನುಹಟ್ಟಿಯಂತೆ ಸಾವಿರ ತೂತು. ಮಲಗಿದೆ. ಏನು ಹೇಳಲಿ! ಬೆನ್ನು ಎಲ್ಲಿ ಉಬ್ಬಿದೆಯೋ ಅಲ್ಲಿ ಅದು ತಗ್ಗಿತು, ಟೊಂಕ ಎಲ್ಲಿ ತಗ್ಗಿದೆಯೋ ಅಲ್ಲಿ ಅದು ಎದ್ದು ಬಂದು ಹಿಡಿಯಿತು. ಇಷ್ಟಾಗಿ ಒಂದು ಚೂರೂ ಕುಸಿಯಲಿಲ್ಲ. ಮೆತ್ತಗಿರಬೇಕು, ಕುಸಿಯಬಾರದು. ಸಿಕ್ಕಿತು, ಸಿಕ್ಕಿತು ಎಂದುಕೊಂಡೆ.

ಆಮೇಲೆ ಆದದ್ದೇನೆಂದರೆ, ದವಾಖಾನೆಯ ಕಲ್ಲುನೆಲದ ಮೇಲೆ ವಾರಗಟ್ಟಲೆ ಉರುಳಾಡಿದ್ದ ನಾನು ಅಲ್ಲಿಯೇ ನಿದ್ದೆಹೋದೆ. ಮಡಮ್ಮ ಛತ್ರಿಯ ತುದಿಯಿಂದ ತಿವಿದು ಎಬ್ಬಿಸಿದಳು. ನಾನು ಕಣ್ಣುಜ್ಜುತ್ತಿರುವಾಗಲೇ ಗಾದಿಯ ಕಾಯಿದೆಗಳನ್ನೆಲ್ಲ ಒಪ್ಪಿಸಿದಳು. ಹಲಗೆಯ ಮೇಲೆ ಹಾಸಬೇಡ, ಗಾಳಿಯಾಡದೆ ಅಡಿಯಲ್ಲಿ ತೇವ ಹಿಡಿಯುತ್ತದೆ. ಹಗ್ಗದ ಮಂಚದ ಮೇಲೆ ಬೇಡ, ಜೋತುಬೀಳುತ್ತದೆ. ಮರದ ಪಟ್ಟಿಗಳ ಮೇಲೆ ಹಾಸು, ಪಟ್ಟಿಗೂ ಪಟ್ಟಿಗೂ ನಡುವೆ ಎರಡು ಬೆರಳು ಸಂದು ಇರಲಿ. ಇಷ್ಟು ನನ್ನ ತಲೆಗೆ ಹೋಯಿತು. ಇನ್ನೂ ಏನೋ ಒಂದು ಹೇಳಿದಳು. ಅದು ಆಕಳಿಕೆಯಲ್ಲಿ ಹೋಯಿತು.

ದೊಡ್ಡಪ್ಪ ಬಂಡಿಯಲ್ಲಿ ಗಾದಿಯನ್ನು ಮುಂಚಿತವಾಗಿಯೇ ಊರಿಗೆ ಒಯ್ದ. ನಾಕಾದ ಗುಮಾಸ್ತನಿಗೆ ಇದನ್ನು ಹತ್ತಿಯ ಸಾಮಾನೆಂದು ಬರೆಯಬೇಕೋ ಮೋಟಾರಿನ ಸಾಮಾನೆಂದೋ ತಿಳಿಯದೆ, ಪರೀಕ್ಷೆಗೆಂದು ಮೇಲೆ ಒರಗಿದವನು ಊಟದ ಹೊತ್ತಿನವರೆಗೆ ಏಳಲಿಲ್ಲವಂತೆ. ಇದು ದೊಡ್ಡಪ್ಪ ಹೇಳಿದ್ದಲ್ಲ, ನಾಕಾದ ಸಿಪಾಯಿ ಹೇಳಿದ್ದು. ದೊಡ್ಡಪ್ಪನ ಮಾತೆಂದರೆ ‘ಹೂಂ’. ಸಂತೋಷಕ್ಕೂ ಹೂಂ, ಸಾವಿಗೂ ಹೂಂ.

ಮಂಚದ ಕೆಲಸ ಮೋನಪ್ಪನಿಗೆ ಹೋಯಿತು. ಅಫಜಲಪುರ ಕಡೆಯ ಅತನೂರಿನಿಂದ ಬಂದು ನಮ್ಮೂರಲ್ಲಿ ನೆಲೆಸಿದ ಬಡಿಗೇರ ಅವನು. ಮನೆಯಲ್ಲಿ ಹಗ್ಗದ ಹೊರಸು ಇತ್ತು, ಅಜ್ಜನ ಕಾಲದ ಹಲಗೆ ಮಂಚ ಇತ್ತು, ಎರಡೂ ಬೇಡವೆಂದದ್ದು ಅವನಿಗೆ ಒಗಟು. ಅದಕ್ಕಿಂತ ದೊಡ್ಡ ತೊಡಕು ಬೆರಳಿನದು. ನಾನು ಊರಿಗೆ ಹೋದಾಗ ಅವನು ಜಗಳಕ್ಕೇ ನಿಂತಿದ್ದ.

“ಎರಡು ಬೆರಳು ಅಂತ ಹೇಳಿ ಕಳಿಸೀರಿ. ಯಾರ ಬೆರಳ್ರಿ?”

“ಮಡಮ್ಮಂದು ಅಂತ ಇಟ್ಕೋ.”

“ನಾ ಎಲ್ಲಿ ನೋಡೇನ್ರಿ ಮಡಮ್ಮನ ಬೆರಳು? ನಂದೇ ಇಟ್ಟು ಮಾಡೇನಿ.”

ಅವನ ಎರಡು ಬೆರಳೆಂದರೆ ಮಡಮ್ಮನ ಮೂರೂವರೆ. ಹಾಗೆಯೇ ಆಗಲಿ ಎಂದೆ. ಕೆಲಸ ಮಾತ್ರ ಬಲು ಚೆಂದ. ಜಾಲಿಮರದ ಪಟ್ಟಿಗಳಿಗೆ ಅವನು ಮೊಳೆ ಹೊಡೆದಿರಲಿಲ್ಲ. ಎರಡು ಉದ್ದನೆಯ ನವಾರದ ಲಾಡಿಗೆ ಬಿಗಿದು, ಬೇಕಾದರೆ ಚಾಪೆಯ ಹಾಗೆ ಸುತ್ತಿ ಒಯ್ಯುವಂತೆ ಮಾಡಿ, ಮಂಚದ ಚೌಕಟ್ಟಿನ ಮೇಲೆ ಹಾಸಿದ್ದ. ಏಕೆಂದು ಕೇಳಿದರೆ, “ಅವ್ವಾರು ಎದ್ದು ಅಡ್ಡಾಡಿದ ಮ್ಯಾಲ ಮಂಚ ಯಾರಿಗಿ ಬೇಕು? ಪಟ್ಟಿ ಬಿಚ್ಚಿದ್ರ ಬ್ಯಾರೆ ಕೆಲಸಕ್ಕ ಬರ್ತಾವ,” ಎಂದ. ಅವ್ವ ಏಳುತ್ತಾಳೆಂದು ಊರಲ್ಲಿ ಮೊದಲು ನಂಬಿದವನು ಮೋನಪ್ಪ.

ಇನ್ನು ಗಾದಿ. ನಾನು ಸೊಲ್ಲಾಪುರದಲ್ಲಿದ್ದ ಮೂರು ವಾರ ಅದರ ಉಸ್ತುವಾರಿ ಲಾಡ್ಲೇಸಾಬನದು. ತನ್ನ ಕಸುಬಿನ ಎದುರು ಬಂದು ಬಿದ್ದ ಈ ರಬ್ಬರ್ ಪ್ರಾಣಿಯನ್ನು ಕಂಡು ಅವನಿಗೆ ಮೊದಲು ಅವಮಾನವಾಗಿತ್ತಂತೆ. ಆಮೇಲೆ ಕರುಣೆ ಬಂದು ದಪ್ಪ ಪಟ್ಟಾಪಟ್ಟಿ ಬಟ್ಟೆಯ ಗಲೀಫ ಹೊಲಿದು ತೊಡಿಸಿದ್ದ. ಗಲೀಫದ ಎರಡೂ ಮಗ್ಗಲಿಗೆ ನಾಲ್ಕು ನಾಲ್ಕು ಗಟ್ಟಿ ಕುಣಿಕೆಗಳು. ಅವುಗಳಲ್ಲಿ ಗಳ ತೂರಿಸಿ ಮಾಳಿಗೆಗೆ ಏರಿಸಲು, ಇಳಿಸಲು ಅನುಕೂಲ.

ಮಾಳಿಗೆಗೆ!

ನಾನು ಮಾಳಿಗೆ ಹತ್ತಿ ನೋಡಿದೆ. ಗಲೀಫ ಕಳಚಿ, ಬೇಸಗೆಯ ಆಳಂದ ಸೀಮೆಯ ಬಿಸಿಲಿಗೆ ದಿನಾಲೂ ಹಾಸಿ, ಬಡಿಗೆಯಿಂದ ಬಾರಿಸಿದ್ದರು. ಬೇವಿನ ನೆರಳು ಬಿದ್ದ ಭಾಗ ಕೆನೆಯ ಹಾಗೆಯೇ ಇತ್ತು. ನೆರಳು ತಲುಪದ ಒಂದು ಮೂಲೆ ಹಳದಿಯಾಗಿ, ಹಳೆಯ ರೊಟ್ಟಿಯಂತೆ ಉದುರುತ್ತಿತ್ತು. ಉದುರಿದ್ದು ಕೈಗೆ ಅಂಟುತ್ತಿತ್ತು.

“ಸಾಹೇಬನ ವಾಸನಿ ಹೋಗ್ವಲ್ದು ತಮ್ಮಾ,” ಎಂದ ಲಾಡ್ಲೇಸಾಬ. “ಇನ್ನೊಂದು ವಾರ ಬಿಸಲಾಗ ಇಟ್ರ…”

ನಾನು ಅಂದು ಏನೇನು ಕಿರುಚಿದೆನೋ! ಓಣಿಯ ಜನವೆಲ್ಲ ಅಂಗಳಕ್ಕೆ ಬಂದಿತ್ತು. ನನ್ನನ್ನು ಹೆಗಲ ಮೇಲೆ ಹೊತ್ತು ಆಡಿಸಿದ ಮನುಷ್ಯನನ್ನು ತಿಳಿಗೇಡಿ, ಅಡಾಣಿ ಎಂದೆ. ನಿನ್ನ ಕಮಾನು ಒಲೆಗೆ ಹಾಕು ಎಂದೆ. ಇನ್ನು ಈ ಹೊಸ್ತಿಲು ತುಳಿಯಬೇಡ ಎಂದೆ. ಅವನು ಮಾಳಿಗೆಯಿಂದ ಇಳಿದ. ಕಮಾನು ಹೆಗಲಿಗೆ ಹಾಕಿಕೊಂಡು ಹೋದ.

ರಾತ್ರಿ ರೊಟ್ಟಿ ಮುರಿಯುವಾಗ ಮಡಮ್ಮನ ಆ ಆಕಳಿಕೆಯ ಮಾತು ನೆನಪಾಯಿತು. ಬಿಸಿಲು ತಾಗಿಸಬೇಡ, ರಬ್ಬರ್ ಸಾಯುತ್ತದೆ. ನಾನು ದೊಡ್ಡಪ್ಪನಿಗೆ ಪಟ್ಟಿಯ ಸುದ್ದಿ ಹೇಳಿದ್ದೆ, ಬೆರಳಿನ ಸುದ್ದಿ ಹೇಳಿದ್ದೆ. ಬಿಸಿಲಿನ ಸುದ್ದಿ ಹೇಳಿರಲೇ ಇಲ್ಲ. ತಪ್ಪು ನನ್ನದು. ನಾಳೆ ಹೋಗಿ ಹೇಳಿದರಾಯಿತು ಎಂದುಕೊಂಡೆ. ಬಿ.ಎ. ಓದಿದವರ ನಾಳೆ ಗೊತ್ತಲ್ಲ ನಿಮಗೆ!

ಅವ್ವ ಹತ್ತಿಯ ಲಾರಿಯಲ್ಲಿ, ಹತ್ತಿಯ ಅಂಡಿಗೆಗಳ ಮೇಲೆ ಮಲಗಿ ಊರಿಗೆ ಬಂದಳು. ಕೆಟ್ಟ ಮೂಲೆಯನ್ನು ಕಾಲಕಡೆಗೆ ಮಾಡಿ, ಗಲೀಫ ತೊಡಿಸಿ, ಪಟ್ಟಿಯ ಮೇಲೆ ಗಾದಿ ಹಾಸಿದೆವು. ಬೆನ್ನಿಗೆ ಒಂದು ಗುಳ್ಳೆ ಏಳಲಿಲ್ಲ.

ಆದರೆ ಸುತ್ತಲಿನ ಸೀಮೆ ಕೆಡುತ್ತ ಬಂತು. ನಿಜಾಮರ ಹೆಸರು ಹೇಳಿಕೊಂಡು ಬಂದೂಕು, ಬರ್ಚಿ ಹಿಡಿದವರ ಗುಂಪುಗಳು ಹಳ್ಳಿ ಹಳ್ಳಿ ತಿರುಗತೊಡಗಿದವು. ಇಂದು ಈ ಊರು ಸುಟ್ಟಿತು, ನಾಳೆ ಆ ಊರು ಎನ್ನುವ ಸುದ್ದಿ. ಲಾರಿಗಳು ನಿಂತವು. ಜನ ಬಂಡಿ ಕಟ್ಟಿಕೊಂಡು ಗಡಿ ದಾಟತೊಡಗಿದರು. ನಾವು ಮಾತ್ರ ಕುಳಿತಿದ್ದೆವು. ಅವ್ವನನ್ನು ಕುಲುಕಿಸಿದರೆ ಕೂಡುತ್ತಿರುವ ಎಲುಬು ಮತ್ತೆ ಬಿಡುತ್ತದೆ. ಕುಲುಕದ ಬಂಡಿ ಯಾವ ಲೋಕದಲ್ಲಿದೆ?

ಕಾರಹುಣ್ಣಿಮೆಯ ಮರುದಿನ, ಹೊತ್ತು ಏರುವಾಗ, ಮಾಳಿಗೆಯ ಮೇಲಿಂದ ನೋಡಿದರೆ ಪಕ್ಕದ ಊರಿನ ಕಡೆ ಹೊಗೆ. ಅರ್ಧ ತಾಸಿನಲ್ಲಿ ಓಣಿ ಖಾಲಿ. ಅವ್ವ ಮಲಗಿದಲ್ಲಿಂದಲೇ, “ನೀವು ಹೋಗ್ರಿ. ನನ್ನ ಬಾಜೂಕ ಒಂದು ಕೊಡ ನೀರಿಟ್ಟು ಹೋಗ್ರಿ,” ಎಂದಳು. ದೊಡ್ಡಪ್ಪ ಹೂಂ ಎನ್ನಲಿಲ್ಲ. ನಾನು ಕಂಡಂತೆ ಅದೇ ಮೊದಲ ಸಲ.

ಬಾಗಿಲಲ್ಲಿ ಎರಡು ಬಿದಿರಿನ ಗಳ ಹಿಡಿದು ನಿಂತವನು ಲಾಡ್ಲೇಸಾಬ. ಹಿಂದೆ ಮೋನಪ್ಪ.

“ಹೊಸ್ತಿಲ ತುಳೀಬ್ಯಾಡ ಅಂದಿದ್ದಿ ತಮ್ಮಾ. ಇವತ್ತೊಂದಿನ ತುಳೀತೇನಿ,” ಎಂದವನೇ ಒಳಬಂದು ಗಲೀಫದ ಕುಣಿಕೆಗಳಲ್ಲಿ ಗಳ ತೂರಿಸಿದ. ಈ ಕಡೆ ನಾಲ್ಕು, ಆ ಕಡೆ ನಾಲ್ಕು. ನಾಲ್ಕು ಜನ ನಾಲ್ಕು ತುದಿಗೆ ಹೆಗಲು ಕೊಟ್ಟೆವು. ಗಾದಿ ಅವ್ವನನ್ನು ಹೊತ್ತುಕೊಂಡೇ ಎದ್ದಿತು! ಬಿಸಿಲಿಗೆ ಒಯ್ಯಲೆಂದು ಹಾಕಿದ ಕುಣಿಕೆಗಳು ಅವ್ವನ ಭಾರಕ್ಕೆ ಒಂದು ಹೊಲಿಗೆ ಬಿಡಲಿಲ್ಲ. ಅಂಗಳದಲ್ಲಿ ಅವಳನ್ನು ಒಂದು ಗಳಿಗೆ ಇಳಿಸಿ, ಮೋನಪ್ಪ ಒಳಗೋಡಿ ಪಟ್ಟಿಗಳನ್ನು ಚಾಪೆಯಂತೆ ಸುತ್ತಿ ತಂದ. ಬಂಡಿಯಲ್ಲಿ ಜೋಳದ ಒಣದಂಟಿನ ಕಣಿಕೆ ಹರಡಿ, ಅದರ ಮೇಲೆ ಪಟ್ಟಿ ಬಿಚ್ಚಿ ಹಾಸಿದ. ಅದರ ಮೇಲೆ ಗಾದಿ, ಗಾದಿಯ ಮೇಲೆ ಅವ್ವ.

“ಹೆಂಗದ ಅವ್ವಾರ?” ಎಂದ ಮೋನಪ್ಪ.

“ಬಂಡಿ ಹೊಂಟದೇನು?” ಎಂದು ಕೇಳಿದಳು ಅವ್ವ. ಬಂಡಿ ಆಗಲೇ ಊರಬಾಗಿಲ ಅಗಸಿ ದಾಟಿತ್ತು.

ನಾನು ಕೋಟು ಹಾಕಿಕೊಂಡಿದ್ದೆ. ಜ್ಯೇಷ್ಠ ಮಾಸದ ಧಗೆಯಲ್ಲಿ ಕೋಟು! ಕಲಿತವನೆಂದು ಕಂಡರೆ ಯಾರಾದರೂ ಮರ್ಯಾದೆ ಕೊಟ್ಟಾರು ಎಂಬ ಲೆಕ್ಕ. ಮೋನಪ್ಪ ತನ್ನ ಹೆಂಡತಿ ಮಕ್ಕಳ ಬಂಡಿಯ ಕಡೆ ಓಡಿದ. ಲಾಡ್ಲೇಸಾಬ ನಮ್ಮ ಬಂಡಿಯ ಹಿಂದೆ ನಡೆದೇ ಬಂದ. ನೀನು ಯಾಕೆ ಚಾಚಾ ಎಂದರೆ, “ಗಾದಿ ನಂದಲ್ಲ, ಖರೇ. ಗಲೀಫ ನಂದು,” ಎಂದ.

ಮಧ್ಯಾಹ್ನ ಹಳ್ಳಕ್ಕೆ ಬಂದೆವು. ಅಲ್ಲಿ ಮೊದಲು ನನಗೆ ಕಂಡದ್ದು ಜಾಲಿಯ ಕಂಟಿಗಳು. ಮುಳ್ಳು ಮುಳ್ಳಿಗೆ ಬೆಳ್ಳಗೆ ಅರಳೆ ಹತ್ತಿಕೊಂಡು, ಬಿತ್ತನೆಯೂ ಆಗದ ಹೊತ್ತಿನಲ್ಲಿ ಹತ್ತಿಯ ಹೊಲದ ಹಾಗೆ ಕಾಣುತ್ತಿದ್ದವು. ಕೆಳಗೆ ಹರಿದ ಗಾದಿಗಳ ರಾಶಿ. ಲಾಡ್ಲೇಸಾಬ ಒಂದು ಎಳೆ ಬಿಡಿಸಿ ಬೆರಳಲ್ಲಿ ಉಜ್ಜಿ ನೋಡಿದ.

“ನಮ್ಮೂರ ಅಗಸಿ ಮನಿ ಗಾದಿ. ನಾನೇ ಹಿಂಜಿದ್ದು,” ಎಂದ. ಅವನ ದನಿ ಸಣ್ಣಗಾಗಿತ್ತು.

“ಏ! ನಿಲ್ಲಸ್ರಿ ಬಂಡಿ!”

ಹತ್ತು ಜನ. ಬಂದೂಕು ಎರಡು, ಉಳಿದವರಿಗೆ ಬರ್ಚಿ, ಕೊಡಲಿ. ನಾಯಕನೆಂಬವನು ಖಾಕಿ ಚಲ್ಲಣ ತೊಟ್ಟಿದ್ದ, ಬೂಟಿಗೆ ಲಾಡಿ ಇರಲಿಲ್ಲ.

ನಾನು ಕಾಲೇಜಿನಲ್ಲಿ ಚರ್ಚಾಸ್ಪರ್ಧೆಯಲ್ಲಿ ಬಹುಮಾನ ಪಡೆದವನು. ಬಾಯಿ ತೆರೆದೆ. ಬಂದದ್ದು ಬಿಕ್ಕಳಿಕೆ. ಇನ್ನೊಮ್ಮೆ ತೆರೆದೆ. ಇನ್ನೊಂದು ಬಿಕ್ಕಳಿಕೆ. ಬರ್ಚಿಯವನೊಬ್ಬ ನಕ್ಕ.

“ಗಾದಿ ದಪ್ಪ ಅದ. ಒಳಗೇನದ?” ಎಂದು ನಾಯಕ ಲಾಡ್ಲೇಸಾಬನ ಕಡೆ ತಿರುಗಿದ. “ನೀ ಯಾಕ ಇವ್ರ ಜೋಡಿ ಹೊಂಟಿ?”

“ಪಿಂಜಾರ ಇದ್ದೇನ್ರಿ ಸಾಹೇಬ. ಗಲೀಫ ಹೊಲದಾಂವ ನಾನು. ಒಳಗ ಏನೂ ಇಲ್ರಿ. ಅರಳೀನೂ ಇಲ್ಲ.”

“ಅರಳಿ ಇಲ್ಲದ ಗಾದಿ ಇರ್ತದೇನಲೇ?”

ಮಾತು ಮುಗಿಯುವುದರೊಳಗೆ ಬರ್ಚಿಯವನು ತಿವಿದೇಬಿಟ್ಟ. ಅವ್ವನ ಹಿಮ್ಮಡಿಯ ಪಕ್ಕದಲ್ಲಿ! ಬರ್ಚಿ ಗಾದಿ ದಾಟಿ, ಮೋನಪ್ಪನ ಎರಡು ಬೆರಳ ಸಂದಿಯಲ್ಲಿ ನುಗ್ಗಿ, ಕಣಿಕೆಯಲ್ಲಿ ಕರಕ್ಕೆಂದಿತು. ಎಳೆದರೆ ಬರಲಿಲ್ಲ. ರಬ್ಬರ್ ಅದನ್ನು ಕಚ್ಚಿ ಹಿಡಿದಿತ್ತು. ಕಾಲು ಕೊಟ್ಟು ಎಳೆದ. ಬಂತು. ಬಂದ ಮೇಲೆ ಗಾದಿ ತೊನೆದು, ಅವ್ವ ಮೇಲೆ ಕೆಳಗೆ ಆಡಿ, ತೂತು ಅಲ್ಲಿ ಇತ್ತೋ ಇಲ್ಲವೋ ಎಂಬಂತೆ ಮುಚ್ಚಿಕೊಂಡಿತು. ಒಂದೆಳೆ ಹತ್ತಿ ಹೊರಗೆ ಬರಲಿಲ್ಲ.

ನಾಯಕ ಹತ್ತಿರ ಬಂದು ಅಂಗೈಯಿಂದ ಒತ್ತಿದ. ತಗ್ಗಿತು. ಕೈ ತೆಗೆದ. ಎದ್ದಿತು. ಮತ್ತೆ ಒತ್ತಿದ. ಅವನ ಮುಖ ಅರಳಿತು ನೋಡಿ, ನಾವು ಅರಳೆಯಲ್ಲಿ ಹೊರಳುವಾಗ ಅರಳುತ್ತಿದ್ದ ಹಾಗೆ! ಬಂಡಿಯ ಅಂಚಿಗೆ ಏರಿ ಅವ್ವನ ಕಾಲ ಹತ್ತಿರ ಕುಳಿತು ಎರಡು ಸಲ ಕುಪ್ಪಳಿಸಿದ.

“ಇದು ನನಗಿರ್ಲಿ. ಮುದುಕಿನ್ನ ಕೆಳಗ ಇಳಸ್ರಿ.”

ದೊಡ್ಡಪ್ಪನ ಎಡಗೈ ಕಣಿಕೆಯೊಳಗೆ ಹೋದದ್ದನ್ನು ನಾನು ನೋಡಿದೆ. ಅಲ್ಲಿ ಕುಡುಗೋಲಿತ್ತು. ಹತ್ತು ಜನರ ಎದುರು ಒಂದು ಕುಡುಗೋಲು. ಅವ್ವನನ್ನು ಕಲ್ಲಿನ ಮೇಲೆ ಇಳಿಸಿದರೂ ಮುಗಿಯಿತು, ಕುಡುಗೋಲು ಹೊರಬಂದರೂ ಮುಗಿಯಿತು. ನಾನು ಬಿಕ್ಕಳಿಸುತ್ತ ನಿಂತಿದ್ದೆ.

“ಒಯ್ರಿ ಸಾಹೇಬ,” ಎಂದ ಲಾಡ್ಲೇಸಾಬ. ನನಗೆ ನಂಬಲಾಗಲಿಲ್ಲ. “ಒಯ್ರಿ. ಆದ್ರ ಈ ಮೂಲಿ ಒಂದು ನೋಡ್ಕೊಂಡು ಒಯ್ರಿ. ನಾಳಿಗಿ ಪಿಂಜಾರ ಹೇಳಲಿಲ್ಲ ಅನಬ್ಯಾಡ್ರಿ.”

ಕಾಲಕಡೆಯ ಹೊಲಿಗೆಯನ್ನು ಹಲ್ಲಿನಿಂದ ಕಡಿದು ಬಿಚ್ಚಿದ. ಹಳದಿ ಮೂಲೆ ಹೊರಬಂತು. ಧಗೆಗೆ ಅದು ಬೆವೆತಂತೆ ಮಿಣಿಮಿಣಿ ಎನ್ನುತ್ತಿತ್ತು. ವಾಸನೆಯೋ, ದೇವರೇ ಬಲ್ಲ.

“ಮೊದಲ ಒಂದು ಚುಕ್ಕಿ ಇತ್ರಿ. ಈಗ ಮೊಳ ಆಗ್ಯಾದ. ದಿನಾ ತಿನ್ನಾಕತ್ತದ. ಮನುಷ್ಯಾರಿಗಿ ಹತ್ತತದೋ ಇಲ್ಲೋ ನಾ ಅಡಾಣಿ, ನನಗೇನು ತಿಳೀತದ? ಅವ್ವಾರ ಕಾಲು ನೋಡ್ರಿ.”

ಅವ್ವನ ಕಾಲು ತಿಂಗಳುಗಟ್ಟಲೆ ಮಲಗಿ ಕಡ್ಡಿಯಾಗಿತ್ತು. ಮೇಲೆ ಅರಿಷಿಣದ ಲೇಪ, ಬಿದಿರಿನ ದಬ್ಬೆ, ಬಟ್ಟೆ.

ನಾಯಕ ಎರಡು ಬೆರಳಿಂದ ಆ ಮೂಲೆ ಮುಟ್ಟಿದ. ಪುಡಿ ಅಂಟಿತು. ಕೊಡವಿದ, ಹೋಗಲಿಲ್ಲ. ಚಲ್ಲಣಕ್ಕೆ ಒರೆಸಿದ, ಚಲ್ಲಣಕ್ಕೂ ಹತ್ತಿತು. ಬೂಟಿಗೆ ಒರೆಸಿದ, ಬೂಟಿಗೂ ಹತ್ತಿತು. ಕೊನೆಗೆ ನನ್ನ ಕೋಟಿಗೆ, ಕಿಸೆಯ ಬಾಯಿಗೇ, ಉಜ್ಜಿದ. ಮುಖ ಬಿಳಿಚಿಕೊಂಡು ಬಂಡಿಯಿಂದ ಜಿಗಿದ.

“ಹೋಗ್ರಿ! ದೂರ ಹೋಗ್ರಿ! ಈ ಕಡಿ ನೋಡಬ್ಯಾಡ್ರಿ!”

ಬಂಡಿ ಹೊರಟಿತು. ಆಗ ಅವ್ವ ತಲೆ ತಿರುಗಿಸಿ, ನಿಜವಾದ ಕಳಕಳಿಯಿಂದ, “ಯಪ್ಪಾ, ಉಣ್ಣೂಮುಂದ ಕೈ ತೊಳ್ಕೋ. ಮಣ್ಣು ಹಚ್ಚಿ ತಿಕ್ಕು,” ಎಂದಳು. ಅವನು ಹಳ್ಳದ ಕಡೆ ಓಡುತ್ತಿದ್ದ.

ಇದೇ ಆ ಹಳ್ಳ. ಬರ್ಚಿಯ ತೂತಿಗೂ ಅವ್ವನ ಹಿಮ್ಮಡಿಗೂ ನಡುವೆ ಎಷ್ಟು ಅಂತರವಿತ್ತೆಂದು ನಾನು ಆಗಾಗ ಅಳೆದು ನೋಡುತ್ತೇನೆ. ಎರಡು ಬೆರಳು. ಮೋನಪ್ಪನದಲ್ಲ, ಮಡಮ್ಮನದು.

ಗಡಿಯಲ್ಲಿ ಲಾಡ್ಲೇಸಾಬ ನಿಂತ. ಆ ಕಡೆ ನನಗೇನು ಕೆಲಸ, ಮನೆಯಲ್ಲಿ ಕಮಾನು ಇದೆ ಎಂದ. ಆಗಲೇ ಹೇಳಬೇಕಿತ್ತು ನಾನು, ತಪ್ಪು ನನ್ನದೆಂದು. ಬಿಕ್ಕಳಿಕೆ ಇನ್ನೂ ನಿಂತಿರಲಿಲ್ಲ. ಅವನ ಬೆನ್ನು ಸಣ್ಣಗಾಗುತ್ತ ಹೋಗುವವರೆಗೂ ನಿಲ್ಲಲಿಲ್ಲ.

ಭಾದ್ರಪದದಲ್ಲಿ ಹಿಂದೂಸ್ಥಾನದ ಸೈನ್ಯ ಬಂತು, ಆಳಿಕೆ ಬದಲಾಯಿತು. ದೀಪಾವಳಿ ಮುಗಿದ ಮೇಲೆ ನಾವು ಊರಿಗೆ ಮರಳಿದೆವು. ಅಷ್ಟರಲ್ಲಿ ಹೆದರುವ ಸರದಿಯೂ ಬದಲಾಗಿ, ಲಾಡ್ಲೇಸಾಬನ ಜನರದಾಗಿತ್ತು. ಲಾಡ್ಲೇಸಾಬನ ಮನೆಗೆ ಓಡಿದರೆ ಬಾಗಿಲಿಗೆ ಕದವಿರಲಿಲ್ಲ. ತಂತಿ ಕಡಿದ ಕಮಾನು ಅಂಗಳದಲ್ಲಿ ಬಿದ್ದಿತ್ತು. ಅವನು ಜೇವರ್ಗಿಯಲ್ಲಿ ಮಗಳ ಮನೆ ಸೇರಿದ್ದಾನೆ, ಇನ್ನು ಈ ಕಡೆ ಬರುವುದಿಲ್ಲ ಎಂದರು. ಕಮಾನು ಎತ್ತಿಕೊಂಡು ಬಂದು ಅವ್ವನ ಮಂಚದ ಹತ್ತಿರ ನಿಲ್ಲಿಸಿದೆ. ಅಂದೇ ಅವ್ವನಿಗೆ ಎಲ್ಲ ಹೇಳಿದೆ. ಮಡಮ್ಮನ ಮಾತು, ಆಕಳಿಕೆ, ನನ್ನ ನಾಳೆ, ಎಲ್ಲವನ್ನೂ.

ಅವ್ವ ಕಮಾನಿನ ಕಡೆ ನೋಡಿದಳು. ಆಮೇಲೆ ದೊಡ್ಡಪ್ಪನಿಗೆ, “ಗಾದಿ ಮೂಲಿ ಕುಸದದ. ಲಾಡ್ಲ್ಯಾಗ ಕರ್ಕೊಂಡು ಬರ್ರಿ,” ಎಂದಳು.

“ಹೂಂ,” ಎಂದ ದೊಡ್ಡಪ್ಪ.

ಜೇವರ್ಗಿಗೆ ಹೋಗಿ ಬರುವುದೆಂದರೆ ಬಂಡಿಯಲ್ಲಿ ಎಷ್ಟೋ ದಿನಗಳ ದಾರಿ. ನಾನು ದಿನಾ ಮಾಳಿಗೆ ಹತ್ತಿ ನೋಡಿದೆ. ಮೊನ್ನೆ ಕೋಟಿನ ಕಿಸೆಯಲ್ಲಿ ಪುಡಿ ಸಿಕ್ಕಿತಲ್ಲ, ಅಂದು ಕೂಡ ಕಾಯುತ್ತಲೇ ಇದ್ದೆ. ನಿನ್ನೆ ಮುಂಜಾನೆ, ಹೊತ್ತು ಏರಿದ ಮೇಲೆ, ಅಗಸಿಯಲ್ಲಿ ಬಂಡಿ ಕಂಡಿತು! ದೊಡ್ಡಪ್ಪ ಅವನನ್ನು ಹಿಂದೆ ಕೂರಿಸಿರಲಿಲ್ಲ. ಮುಂದೆ, ತನ್ನ ಪಕ್ಕದಲ್ಲಿ, ಊರೆಲ್ಲ ನೋಡುವ ಹಾಗೆ ಕೂರಿಸಿಕೊಂಡಿದ್ದ. ಕಟ್ಟೆಯ ಮೇಲಿದ್ದವರು ಎದ್ದು ನಿಂತರು. ಒಬ್ಬ, “ಇವನ್ಯಾಕ ಕರ್ಕೊಂಡು ಬಂದ್ರಿ?” ಎಂದ. ದೊಡ್ಡಪ್ಪ ಬಂಡಿ ನಿಲ್ಲಿಸಿದ. ಅವನ ಕಡೆ ನೋಡಿದ.

“ಗಾದಿ ಕೆಲಸ ಅದ. ನಿನ್ನ ಮನ್ಯಾಗಿಲ್ಲೇನು ಗಾದಿ?”

ಇಷ್ಟು ಉದ್ದದ ಮಾತು ದೊಡ್ಡಪ್ಪನ ಬಾಯಿಂದ ಬಂದದ್ದನ್ನು ಊರು ಕಂಡಿರಲಿಲ್ಲ. ಕೇಳಿದವನು ಕುಳಿತುಬಿಟ್ಟ.

ಲಾಡ್ಲೇಸಾಬ ಬಡವಾಗಿದ್ದ. ಹೊಸ್ತಿಲ ಹೊರಗೇ ನಿಂತ. ನಾನು ಅವನ ಎದುರು ನಿಂತು, ಬಿಕ್ಕಳಿಕೆ ಬರುವುದಕ್ಕೆ ಮೊದಲೇ ಎಂದು ಒಂದೇ ಉಸಿರಿನಲ್ಲಿ ಹೇಳಿದೆ.

“ಚಾಚಾ, ಬಿಸಲಿಗಿ ಹಾಕಬ್ಯಾಡ ಅಂತ ಮಡಮ್ಮ ನನಗ ಹೇಳಿದ್ಲು. ನಾನೇ ಹೇಳಿ ಕಳಸಲಿಲ್ಲ. ಅಡಾಣಿ ನಾನು. ಒಳಗ ಬಾ.”

“ಗೊತ್ತದ ತಮ್ಮಾ,” ಎಂದ. “ನೀ ಬೈದ ದಿನಾನೇ ದೊಡ್ಡಪ್ಪಾರಿಗಿ ಕೇಳಿದ್ದೆ, ತಮ್ಮ ಬಿಸಲಿನ ಸುದ್ದಿ ಏನರೆ ಹೇಳಿದ್ದನೇನ್ರಿ ಅಂತ.”

“ಏನಂದ?”

“ಊಹೂಂ ಅಂದ್ರು.”

ಒಳಗೆ ಬಂದ. ಕಮಾನು ಕಂಡು ಅದರ ಬೆನ್ನು ಸವರಿದ. ಜೇವರ್ಗಿಯಿಂದ ಹೊಸ ತಂತಿ ತಂದಿದ್ದ, ಬಿಗಿದ. ಮೊದಲ ‘ಧುಂಯ್’ ಎದ್ದಾಗ ಗೋಡೆ ಗುನುಗಿತು. ಕೆಟ್ಟ ಮೂಲೆಯನ್ನು ಚಾಕುವಿನಿಂದ ಕೊಯ್ದು ತೆಗೆದ. ಹೊಸ ಅರಳೆ ಹಿಂಜಿ, ಅಷ್ಟೇ ಅಳತೆಯ ಪುಟ್ಟ ಗಾದಿ ಹೊಲಿದು ಆ ಜಾಗಕ್ಕೆ ಕೂರಿಸಿದ. ಬರ್ಚಿಯ ತೂತು ಬಿದ್ದ ಗಲೀಫಕ್ಕೆ ತೇಪೆ ಹಾಕಿದ. ಮುಗಿದ ಮೇಲೆ ಸೊಂಟಕ್ಕೆ ಕೈಯಿಟ್ಟು ನಿಂತ.

“ಈಗ ಅವ್ವಾರ, ಇದಕ್ಕ ಬಿಸಲು ಬೇಕು.”

“ಬಿಸಲು ತಾಗಬಾರ್ದು!” ಎಂದು ನಾನು ಚೀರಿದೆ.

“ರಬ್ಬರಿಗಿ ತಾಗಬಾರ್ದು. ಅರಳಿಗಿ ತಾಗಬೇಕು.”

ಇಬ್ಬರೂ ಗಾದಿಯನ್ನೇ ನೋಡುತ್ತ ನಿಂತೆವು. ಆಮೇಲೆ ಏನು ಮಾಡಿದೆವೆಂದರೆ, ನಾನು, ದೊಡ್ಡಪ್ಪ, ಮೋನಪ್ಪ, ಲಾಡ್ಲೇಸಾಬ ನಾಲ್ವರೂ ಮಂಚದ ನಾಲ್ಕು ಕಾಲು ಹಿಡಿದೆವು. ತುಸು ಎಡಕ್ಕೆ, ಇನ್ನೂ ತುಸು, ಸಾಕು ಸಾಕು, ಹಿಂದಕ್ಕೆ ಎಂದು ಕೂಗಾಡುತ್ತ, ಬಾಗಿಲಿಂದ ಬರುವ ಬಿಸಿಲು ಆ ಒಂದು ಮೂಲೆಯ ಮೇಲೆ ಮಾತ್ರ ಬೀಳುವ ಹಾಗೆ ಮಂಚ ಹೊಂದಿಸಿದೆವು. ಬಿಸಿಲು ಸರಿದಂತೆ ಮಂಚವನ್ನೂ ಸರಿಸಬೇಕು. ಮಧ್ಯಾಹ್ನವೆಲ್ಲ ಅದೇ ಕೆಲಸವಾಯಿತು.

ಸಂಜೆ, ಬದಿಯಲ್ಲಿ ಕೂರಿಸಿದ್ದ ಅವ್ವ ಗೋಡೆ ಹಿಡಿದು, ಕೋಲು ಊರಿ, ಎಣಿಸಿ ಎಣಿಸಿ ಏಳು ಹೆಜ್ಜೆ ನಡೆದು ಬಂದಳು. ಮಂಚದ ಮೇಲೆ ಕುಳಿತು, ಮುರಿದ ಕಾಲನ್ನು ಎರಡೂ ಕೈಯಿಂದ ಎತ್ತಿ ಆ ಮೂಲೆಗೆ ಇಟ್ಟಳು. ಕಣ್ಣು ಮುಚ್ಚಿದಳು.

“ಬೆಚ್ಚಗದ,” ಎಂದಳು.